ಇಲಿಚ್‌ನ ಭಾಷಣ ಮತ್ತು ನಮ್ಮ ಶಿಬಿರದ ವರದಿ

ಈ ವರ್ಷದ ಎನ್ನೆಸ್ಸೆಸ್ ಶಿಬಿರದ ವರದಿ ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡ ಮೇಡಂ ಅಂದಮೇಲೆ ಕಾಗುಣಿತ ಅವರದೇ ಹೊಣೆ ಎಂಬುದು ಎಲ್ಲ ಕಾಲೇಜುಗಳ ಅಲಿಖಿತ ಕಾನೂನು. ತಿದ್ದುತ್ತಾ ಕೂತಾಗ ನಾನೇ ಬರೆದಿದ್ದ ಹಳೆಯ ವರದಿಯೊಂದು ನೆನಪಾಯಿತು. 2005ರ ಚಳಿಗಾಲ, ಬಿ.ಎ. ಎರಡನೇ ವರ್ಷ, ಸಂಡೂರಿನ ಆಚೆಗಿನ ಒಂದು ತಾಂಡಾದಲ್ಲಿ ಏಳು ದಿನದ ಶಿಬಿರ. ಹೊಸಪೇಟೆಯ ತವರುಮನೆಯ ಟ್ರಂಕಿನಲ್ಲಿ ಅದರ ಜೆರಾಕ್ಸ್ ಪ್ರತಿ ಇನ್ನೂ ಇತ್ತು.

ಹದಿನಾಲ್ಕು ಪುಟ. ಮೊದಲಿಂದ ಕೊನೆಯವರೆಗೆ ಒಂದೇ ಬಗೆಯ ಕ್ರಿಯಾಪದದ ಮೆರವಣಿಗೆ. ಚರಂಡಿ ಸ್ವಚ್ಛಗೊಳಿಸಲಾಯಿತು. ಸಸಿಗಳನ್ನು ನೆಡಲಾಯಿತು. ಜಾಥಾ ನಡೆಸಲಾಯಿತು. ಗ್ರಾಮಸ್ಥರಲ್ಲಿ ಅರಿವು ಮೂಡಿಸಲಾಯಿತು. ಈ 'ಲಾಯಿತು'ವಿನ ಅನುಕೂಲವೆಂದರೆ ಅದಕ್ಕೆ ಕರ್ತೃ ಬೇಕಿಲ್ಲ. ಮಾಡಿದವರು ಯಾರು, ಯಾರ ಜಾಗದಲ್ಲಿ, ಯಾರನ್ನು ಕೇಳಿ ಮಾಡಿದರು ಎಂಬ ಯಾವ ಪ್ರಶ್ನೆಗೂ ಆ ವಾಕ್ಯ ಉತ್ತರ ಕೊಡಬೇಕಾಗಿಲ್ಲ. ಮನೆಯಲ್ಲಿ ನಾವು ಯಾರೂ 'ರೊಟ್ಟಿ ತಿನ್ನಲಾಯಿತು' ಅನ್ನುವುದಿಲ್ಲ. ಊರಿಗೆ ಸೇವೆ ಮಾಡಲು ಹೋದಾಗ ಮಾತ್ರ ನಮಗೆ ಕಚೇರಿಯ ಕನ್ನಡ ಬೇಕಾಗುತ್ತದೆ.

ಸಸಿಗಳ ವಿಷಯವನ್ನೇ ನೋಡಿ. ನಾವು ಅವನ್ನು ನೆಟ್ಟದ್ದು ಅದಿರಿನ ಲಾರಿಗಳು ಹಗಲೂ ರಾತ್ರಿ ಓಡಾಡುತ್ತಿದ್ದ ರಸ್ತೆಯ ಪಕ್ಕದಲ್ಲಿ. ಸಂಜೆಯ ಹೊತ್ತಿಗೆ ಎಲೆಗಳು ಕೆಂಪಾಗುತ್ತಿದ್ದವು, ನಮ್ಮ ಬಿಳಿ ಟೀ ಶರ್ಟುಗಳೂ. ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲ ಅದು. ಲೋಕಾಯುಕ್ತ ವರದಿ, ಸುಪ್ರೀಂ ಕೋರ್ಟಿನ ನಿಷೇಧ ಎಲ್ಲ ಬಂದದ್ದು 2011ರಲ್ಲಿ. ಸಂಡೂರಿನವರೇ ಆದ ವಸುಧೇಂದ್ರರು ಆ ಧೂಳನ್ನು 'ಕೆಂಪು ಗಿಣಿ' ಕತೆಯಾಗಿಸಿದ್ದಾರೆ. ನನ್ನ ಹದಿನಾಲ್ಕು ಪುಟಗಳಲ್ಲಿ ಸಸಿಗಳ ಲೆಕ್ಕ ಇದೆ, ಒಂದೇ ಒಂದು ಲಾರಿಯೂ ಹಾದುಹೋಗುವುದಿಲ್ಲ.

ಅದೇ ವಾರ ನಮ್ಮ ಓದುಗರ ಬಳಗದಲ್ಲಿ ಇವಾನ್ ಇಲಿಚ್‌ನ ಒಂದು ಭಾಷಣ ಚರ್ಚೆಗಿತ್ತು. 1968ರ ಏಪ್ರಿಲ್ 20ರಂದು ಆಡಿದ ಮಾತು. ಎದುರಿಗಿದ್ದವರು ಬೇಸಿಗೆಯಲ್ಲಿ ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆ ಹೋಗುವ ಅಮೆರಿಕದ ವಿದ್ಯಾರ್ಥಿ ಸಂಘಟನೆಯವರು. ಒಳ್ಳೆಯ ಉದ್ದೇಶಗಳು ಹಾಳಾಗಿ ಹೋಗಲಿ ಎಂಬರ್ಥದ ತಲೆಬರಹದಿಂದ ಅದು ಪ್ರಸಿದ್ಧ. ಬಡದೇಶಕ್ಕೆ ಹೋಗುವ ಸ್ವಯಂಸೇವಕ ತನಗೆ ಗೊತ್ತಿಲ್ಲದೆಯೇ ತನ್ನ ಮಧ್ಯಮವರ್ಗದ ಬದುಕಿನ ಮಾರಾಟಗಾರನಾಗಿರುತ್ತಾನೆ ಎಂಬುದು ಇಲಿಚ್‌ನ ವಾದ. ನೋಡುವುದಕ್ಕೋ ಕಲಿಯುವುದಕ್ಕೋ ಬರುವುದಾದರೆ ಬನ್ನಿ, ಉದ್ಧಾರಕ್ಕೆ ಮಾತ್ರ ಬೇಡ ಎನ್ನುತ್ತಾನೆ. ಸೇವೆ ಮಾಡಲೇಬೇಕೆಂದರೆ ನಿಮ್ಮನ್ನು ನಿಮ್ಮದೇ ಭಾಷೆಯಲ್ಲಿ ಬೈದು ಕಳಿಸಬಲ್ಲ ಜನರ ನಡುವೆ ಮಾಡಿ ಎಂಬುದು ಅವನ ಸಲಹೆ. ವಿಯೆನ್ನಾದಲ್ಲಿ ಹುಟ್ಟಿದ ಈ ಪಾದ್ರಿ ಕುಯೆರ್ನವಾಕಾದಲ್ಲಿ ನಡೆಸುತ್ತಿದ್ದದ್ದು ಹೊರಗಿನಿಂದ ಬರುವವರಿಗೆ ಸ್ಪ್ಯಾನಿಷ್ ಕಲಿಸುವ ಕೇಂದ್ರವನ್ನೇ. ಹಾಗಾಗಿ ಭಾಷೆಯ ಬಗೆಗಿನ ಈ ಮಾತು ಅವನು ತನ್ನ ಕಸುಬಿನಿಂದ ಆಡಿದ್ದು.

ನಮ್ಮ ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು ಅದರ ಮರುವರ್ಷ, 1969ರ ಸೆಪ್ಟೆಂಬರ್ 24ರಂದು, ಗಾಂಧಿ ಜನ್ಮಶತಮಾನೋತ್ಸವದ ನೆಪದಲ್ಲಿ. ಬಳಗದಲ್ಲಿ ಒಬ್ಬರು ಇಲಿಚ್ ನಮಗೆ ಅನ್ವಯಿಸುವುದಿಲ್ಲ, ನಾವೇನು ಇನ್ನೊಂದು ದೇಶಕ್ಕೆ ಹೋಗುತ್ತೇವಾ, ನಮ್ಮದೇ ಭಾಷೆ, ನಮ್ಮದೇ ಜನ ಅಂದರು. ನಾನು ಸುಮ್ಮನಿದ್ದೆ. ನನಗೆ ಆ ತಾಂಡಾದ ಯಾಡಿ ನೆನಪಾಗಿದ್ದಳು.

ಲಂಬಾಣಿ ಮಾತಿನಲ್ಲಿ ಯಾಡಿ ಅಂದರೆ ತಾಯಿ. ಅಷ್ಟೊಂದನ್ನು ನಾವು ಮೊದಲ ದಿನವೇ ಕಲಿತಿದ್ದೆವು, ಆಮೇಲೆ ಇನ್ನೇನೂ ಕಲಿಯಲಿಲ್ಲ. ಆರನೇ ದಿನ ಶಾಲೆಯ ಕಟ್ಟೆಯ ಹತ್ತಿರ ಆಕೆ ನಮ್ಮನ್ನು ತೋರಿಸಿ ಏನೋ ಅಂದಳು. ಸುತ್ತಲಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು, ನಾವೂ ನಕ್ಕೆವು. ವರದಿಯ ಹನ್ನೊಂದನೇ ಪುಟದಲ್ಲಿ ಅದು ಹೀಗೆ ದಾಖಲಾಗಿದೆ: 'ಶಿಬಿರಾರ್ಥಿಗಳ ಸೇವೆಯನ್ನು ಕಂಡು ಗ್ರಾಮಸ್ಥರು ಸಂತಸ ವ್ಯಕ್ತಪಡಿಸಿದರು.'

ನಮ್ಮ ತರಗತಿಯವನೊಬ್ಬ ಲಂಬಾಣಿ ಹುಡುಗ. ಆ ತಾಂಡಾದಲ್ಲಿ ಅವನ ಸೋದರತ್ತೆಯ ಮನೆಯೇ ಇತ್ತು. ಅವನೂ ನಮ್ಮ ಹಾಗೆ ಬ್ಯಾಡ್ಜ್ ಹಾಕಿಕೊಂಡ ಶಿಬಿರಾರ್ಥಿ. ಎಷ್ಟೋ ವರ್ಷಗಳ ಮೇಲೆ ಒಂದು ಮದುವೆಯಲ್ಲಿ ಸಿಕ್ಕಾಗ ಅವನೇ ಹೇಳಿದ. ತಾಂಡಾಕ್ಕೆ ಎರಡು ದಿನಕ್ಕೊಮ್ಮೆ ನೀರಿನ ಟ್ಯಾಂಕರ್. ನಾವು ಐವತ್ತು ಜನ ಅಡುಗೆಗೆ, ಸ್ನಾನಕ್ಕೆ ಅದನ್ನೇ ಬಳಸುತ್ತಿದ್ದೆವು. ಹೆಂಗಸರು ಬೆಳಗಿನ ಜಾವ ಎದ್ದು ದೂರದ ಬೋರಿನಿಂದ ಹೊರುತ್ತಿದ್ದರು, ನಮ್ಮ ಅಡುಗೆಗೂ ಎರಡು ಕೊಡ ತಂದಿಡುತ್ತಿದ್ದರು. ಅವತ್ತು ಯಾಡಿ ಅಂದದ್ದು: ಇವರು ಇನ್ನೆರಡು ದಿನ ಸೇವೆ ಮಾಡಿದರೆ ನಾವು ಗುಳೆ ಹೋಗಬೇಕಾಗುತ್ತದೆ.

"ಅವತ್ತೇ ಯಾಕ ಹೇಳ್ಲಿಲ್ಲೋ?" ಅಂದೆ.

"ಏನಂದ್ಲು ಅಂತ ನೀ ಎಲ್ಲಿ ಕೇಳಿದ್ದಿ? ಫೋಟೊಕ್ಕ ನಿಂದರ್ತಾಳೇನ್ ಕೇಳು ಅಂದಿ. ಕೇಳ್ದೆ."

ಇಲಿಚ್ ಹೇಳಿದ ಬೈಗುಳ ಅಲ್ಲಿ ಸಿಕ್ಕಿತ್ತು. ಹೊಸಪೇಟೆಯಿಂದ ಹೆಚ್ಚೆಂದರೆ ಒಂದು ತಾಸಿನ ದಾರಿ, ನಾವು ಅದನ್ನು ಸಂತಸ ಎಂದು ಬರೆದುಕೊಂಡೆವು. ಬಡದೇಶ ಇರುವುದು ಗಡಿಯ ಆಚೆಗೇ ಎಂದೇನಿಲ್ಲ. 'ನನಗಲ್ಲ ನಿನಗೆ' ಎಂಬುದು ಎನ್ನೆಸ್ಸೆಸ್ಸಿನ ಧ್ಯೇಯವಾಕ್ಯ. ಆ 'ನಿನಗೆ' ಏಕವಚನದಲ್ಲಿರುವುದು ಯಾಕೆ ಎಂದು ಇಷ್ಟು ವರ್ಷ ನನಗೆ ಅನ್ನಿಸಿಯೇ ಇರಲಿಲ್ಲ.

ಹಾಗೆಂದು ಇಲಿಚ್‌ನನ್ನು ಇಡಿಯಾಗಿ ಒಪ್ಪಲೂ ನನಗೆ ಆಗುತ್ತಿಲ್ಲ. ಭಾಷಣ ಮತ್ತೆ ಓದಿ ನೋಡಿ. ಅದರ ತುಂಬ 'ನೀವು, ನೀವು' ಎಂದು ವಿದ್ಯಾರ್ಥಿಗಳನ್ನು ಝಾಡಿಸುವ ಮಾತು. ಚುರುಕಾಗಿದೆ, ಓದಲು ಮಜವಾಗಿದೆ. ಆದರೆ ಮೆಕ್ಸಿಕೋದ ಹಳ್ಳಿಯವನೊಬ್ಬ ಅದರಲ್ಲಿ ಬಾಯಿಬಿಟ್ಟು ಮಾತಾಡುವುದಿಲ್ಲ. ನನ್ನ 'ಲಾಯಿತು' ವರದಿಯಲ್ಲಿ ಯಾಡಿ ಹೇಗೆ ಇಲ್ಲವೋ, ಇಲಿಚ್‌ನ ಸಿಟ್ಟಿನಲ್ಲೂ ಹಾಗೆಯೇ ಇಲ್ಲ. ನನ್ನ ಸಹಪಾಠಿಯಂಥವನಿಗಂತೂ ಅಲ್ಲಿ ಜಾಗವೇ ಇಲ್ಲ. ಅವನು ಸೇವೆ ಮಾಡಲು ಹೋದವನೋ, ಮಾಡಿಸಿಕೊಂಡವನೋ? ಚರಂಡಿ ಬಳಿದ ಕೈಯಲ್ಲೇ ಸಂಜೆ ಅತ್ತೆಯ ಮನೆಗೆ ನೀರು ಹೊತ್ತವನು ಅವನು.

ಇನ್ನು ನೋಡಲು ಬಂದವರ ಮಾತು. ಅದು ನಿರಪಾಯದ ಕೆಲಸ ಎಂದು ಇಲಿಚ್ ನಂಬಿದಂತಿದೆ. ಹಂಪಿಯ ಪಕ್ಕದಲ್ಲಿ ಬೆಳೆದವರಿಗೆ ಹಾಗೆ ನಂಬುವುದು ಕಷ್ಟ. ನಿಜ, 1980ರಿಂದ ಎಷ್ಟೋ ಚಳಿಗಾಲ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಅವರ ಜೊತೆ ದೇಶವಿದೇಶದ ವಿದ್ಯಾರ್ಥಿಗಳು ಇಲ್ಲಿ ಬಿಡಾರ ಹೂಡಿ ಮಂಟಪ ಮಂಟಪವನ್ನೂ ಅಳೆದು ನಕ್ಷೆ ಬರೆದರು. ಉದ್ಧಾರ ಮಾಡುತ್ತೇವೆ ಎಂದು ಬಂದವರಲ್ಲ ಅವರು, ಆ ನಕ್ಷೆಗಳ ಋಣ ದೊಡ್ಡದು. ಆದರೆ ನೋಡಲು ಬರುವವರು ಹೆಚ್ಚಿದಂತೆ ವಿರೂಪಾಕ್ಷನ ಮುಂದಿನ ಬಜಾರಿನಲ್ಲಿ ಅಂಗಡಿ, ಊಟದ ಮನೆ, ಬಾಡಿಗೆ ಕೋಣೆ ಹೆಚ್ಚಿದವು. ಆಮೇಲೆ ನೋಡುವವರ ಕಣ್ಣಿಗೆ ಹಳೆಯ ಬಜಾರು ಕಾಣಲೆಂದು 2011ರ ಜುಲೈನಲ್ಲಿ ಅವನ್ನು ಜೆಸಿಬಿಗಳು ಕೆಡವಿದವು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳೂ ಹೋದವು. ಕಾನೂನಿನ ಸರಿತಪ್ಪು ಬೇರೆ ಮಾತು. ಅಲ್ಲಿ ಸಹಾಯಕ್ಕೆಂದು ಬಂದವರಿಗಿಂತ ಬರೀ ನೋಡಲು ಬಂದವರ ಭಾರವೇ ಊರಿನ ಮೇಲೆ ಹೆಚ್ಚು ಬಿತ್ತು.

ಈ ಎರಡೂ ಬರಹಗಳನ್ನು ಒಟ್ಟಿಗೆ ಇಟ್ಟು ನಮ್ಮ ವಿದ್ಯಾರ್ಥಿಗಳ ಜೊತೆ ಓದಿದೆ. ಅವರಿಗೆ ಇಲಿಚ್‌ಗಿಂತ ಬೇಗ ಅರ್ಥವಾದದ್ದು ಕಂಪ್ಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ನಮ್ಮ ಹುಡುಗರು ಕಂಪ್ಲಿಗೆ ಪ್ರವಾಹ ಪರಿಹಾರವೆಂದು ಅಕ್ಕಿ ಸಂಗ್ರಹಿಸಲು ಹೊರಟಿದ್ದರು. ಕಂಪ್ಲಿಯಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಎದ್ದುನಿಂತು, "ಮೇಡಂ, ಕಂಪ್ಲಿಗೆ ಅಕ್ಕಿ ಒಯ್ತೀರೇನ್ರಿ?" ಅಂದಿದ್ದಳು. ಇಡೀ ತರಗತಿ ನಕ್ಕಿತ್ತು. ಅವರ ಊರಿನ ದಿಗಿಲು ಬರುವ ನೀರಿನದಾಗಿರಲಿಲ್ಲ, ಹೋಗುವ ನೀರಿನದು. 105 ಟಿಎಂಸಿಯ ಅಣೆಕಟ್ಟೆ ಬರಿದಾದರೆ ನಾಟಿ ಮಾಡಿದ ಭತ್ತದ ಗತಿ ಏನು ಎಂಬುದು. ವಾರದೊಳಗೆ ತಾತ್ಕಾಲಿಕ ಗೇಟು ಕೂತಿತು. ಸಂಗ್ರಹವಾಗಿದ್ದ ಎರಡು ಮೂಟೆ ಅಕ್ಕಿ ನಮ್ಮ ಹಾಸ್ಟೆಲ್ಲಿನ ಪಾಲಾಯಿತು.

ಈ ಸಲದ ವರದಿ ಬರೆದದ್ದು ಅದೇ ಹುಡುಗಿ. ನಾನು ಹೇಳಿದ್ದು ಒಂದೇ: 'ಲಾಯಿತು' ಬಂದ ಕಡೆಯೆಲ್ಲ ಯಾರು ಎಂದು ಬರಿ. ಅವಳು ಬರೆದಳು. ಮೂರನೇ ದಿನದ ಕೆಳಗೆ ಒಂದು ಸಾಲಿದೆ: 'ಬೆಳಿಗ್ಗೆ ನೀರು ಮುಗಿಯಿತು. ಶಾಲೆಯ ಹಿಂದಿನ ಮನೆಯ ಅಮ್ಮ ನಾಲ್ಕು ಕೊಡ ಕೊಟ್ಟರು. ಅವರ ಬಟ್ಟೆ ಒಗೆಯುವುದು ಅವತ್ತು ನಿಂತಿತು.' ಮುದ್ರಣಕ್ಕೆ ಹೋಗುವ ಮುಂಚೆ ಪ್ರತಿ ನನ್ನ ಟೇಬಲ್ಲಿಗೆ ವಾಪಸ್ ಬಂದಿದೆ. ಆ ಸಾಲಿನ ಮೇಲೆ ಯಾರೋ ಕೆಂಪು ಪೆನ್ನಿನಲ್ಲಿ ಗೀಟೆಳೆದು ಪಕ್ಕದಲ್ಲಿ 'ಅನಗತ್ಯ' ಎಂದು ಬರೆದಿದ್ದಾರೆ. ನಾನು ಕೆಳಗೆ 'ಇರಲಿ' ಎಂದು ಬರೆದು ಸಹಿ ಹಾಕಿ ಕಳಿಸಿದ್ದೇನೆ.