ಪ್ರಯೋಗಶಾಲೆಯ ಕಥನಗಳಲ್ಲಿ ಸಂಶೋಧನ ವಿದ್ಯಾರ್ಥಿ

ರಚನಾ ಜೀವವಿಜ್ಞಾನದ ದೊಡ್ಡ ಸಂಶೋಧನಾಲಯಗಳಲ್ಲಿ ಈಗ ಸಂಶೋಧನ ವಿದ್ಯಾರ್ಥಿಗಳ ಪರಿಷತ್ತೊಂದು ಇರುವುದು ಅಪರೂಪವಲ್ಲ. ವಿದ್ಯಾರ್ಥಿಗಳು ತಮ್ಮೊಳಗಿನಿಂದಲೇ ಕೆಲವರನ್ನು ಆರಿಸುತ್ತಾರೆ. ಹಾಗೆ ಆರಿಸಿಬಂದವರು ಕೆಲಕಾಲ ಆಡಳಿತದವರೊಡನೆ ಮಾತನಾಡುತ್ತಾರೆ, ಹೊಸಬರಿಗೆ ದಾರಿ ತೋರಿಸುತ್ತಾರೆ, ವಿಚಾರಗೋಷ್ಠಿಗಳನ್ನು ಏರ್ಪಡಿಸುತ್ತಾರೆ. ಅವಧಿ ತೀರಿದೊಡನೆ ಮತ್ತೆ ತಮ್ಮ ಸ್ಫಟಿಕಗಳ ಬಳಿಗೆ ಹಿಂದಿರುಗುತ್ತಾರೆ. ಈ ಶಾಸ್ತ್ರದ ಹುಟ್ಟನ್ನೂ ಬೆಳವಣಿಗೆಯನ್ನೂ ಬಣ್ಣಿಸುವ ಪ್ರಸಿದ್ಧ ಗ್ರಂಥಗಳನ್ನು ತೆರೆದು ನೋಡಿದರೆ ಇಂಥ ಸದಸ್ಯನೊಬ್ಬನನ್ನು ನಾವು ಕಾಣುವುದಿಲ್ಲ. ಕಾಣದಿರುವುದಕ್ಕೆ ಕಾರಣ ಸರಳ: ಆ ಕಥೆಗಳು ನಡೆದ ಕಾಲದ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗೆ ಅಂಥ ಸ್ಥಾನವಿರಲಿಲ್ಲ. ಆದರೆ ಆ ಗ್ರಂಥಗಳಲ್ಲಿ ವಿದ್ಯಾರ್ಥಿಯಂತೂ ಇದ್ದಾನೆ. ಅವನನ್ನು ಗ್ರಂಥಕರ್ತರು ಹೇಗೆ ಚಿತ್ರಿಸಿದ್ದಾರೆ, ಆ ಚಿತ್ರಣದಿಂದ ಇಂದಿನ ಪರಿಷತ್ತಿನ ಸದಸ್ಯರು ತಿಳಿಯತಕ್ಕುದೇನು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಈ ಶಾಸ್ತ್ರದ ಒಂದು ವಿಶೇಷವನ್ನು ಗಮನಿಸಬೇಕು. ಪ್ರೋಟೀನು, ಡಿ.ಎನ್.ಎ. ಮೊದಲಾದ ಜೀವದ್ರವ್ಯಗಳಲ್ಲಿ ಅಣುವಿನ ಆಕಾರವನ್ನು ಕಂಡುಹಿಡಿಯುವುದು ಇದರ ಕೆಲಸ. ದ್ರವ್ಯವನ್ನು ಶುದ್ಧಗೊಳಿಸಬೇಕು, ಸ್ಫಟಿಕವಾಗಿಯೋ ಎಳೆಯಾಗಿಯೋ ಅಣಿಗೊಳಿಸಬೇಕು, ಅದರ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿ ಚೆದರಿದ ಚುಕ್ಕೆಗಳನ್ನು ದಾಖಲಿಸಬೇಕು, ಅಳೆಯಬೇಕು, ಗಣಿಸಬೇಕು. ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ನಡೆಯುವ ಈ ದುಡಿಮೆಯ ಬಹುಭಾಗ ವಿದ್ಯಾರ್ಥಿಯ ಪಾಲಿನದು. ಆದರೆ ದುಡಿಮೆಯ ಫಲವಾದ ಚಿತ್ರವನ್ನು ಬಲ್ಲವನು ಕ್ಷಣಮಾತ್ರ ನೋಡಿದರೂ ಸಾಕು, ಅದರ ಸಾರ ಅವನದಾಗುತ್ತದೆ. ಇಷ್ಟು ದೀರ್ಘವಾದ ಶ್ರಮ ಇಷ್ಟು ಸುಲಭವಾಗಿ ಪರರ ಪಾಲಾಗಬಲ್ಲ ಶಾಸ್ತ್ರಗಳು ವಿರಳ. ಆದುದರಿಂದ ಯಾರ ಕೆಲಸ ಯಾರದು, ಯಾರಿಗೆ ಯಾವಾಗ ತೋರಿಸಬೇಕು ಎಂಬ ಪ್ರಶ್ನೆ ಇಲ್ಲಿ ಬರಿಯ ಶಿಷ್ಟಾಚಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ.

1968ರಲ್ಲಿ ಪ್ರಕಟವಾದ ಜೇಮ್ಸ್ ವಾಟ್ಸನ್ನರ 'ದ ಡಬಲ್ ಹೀಲಿಕ್ಸ್' ಈ ವರ್ಗದ ಗ್ರಂಥಗಳಲ್ಲಿ ಅತ್ಯಂತ ಜನಪ್ರಿಯವಾದುದು. ಅದರ ಓಟ, ಅದರ ಯೌವನದ ಚಾಪಲ್ಯ, ವಿಜ್ಞಾನಿಗಳನ್ನು ಮನುಷ್ಯರನ್ನಾಗಿ ತೋರಿಸುವ ಎದೆಗಾರಿಕೆ ಇವುಗಳನ್ನು ಅಲ್ಲಗಳೆಯುವಂತಿಲ್ಲ. ವಾಚಕರು ಸಾಮಾನ್ಯವಾಗಿ ಮರೆಯುವ ಸಂಗತಿಯೊಂದುಂಟು: ಆ ಕಥೆಯ ನಾಯಕರಲ್ಲೊಬ್ಬರಾದ ಫ್ರಾನ್ಸಿಸ್ ಕ್ರಿಕ್ ಆಗ ಇನ್ನೂ ಸಂಶೋಧನ ವಿದ್ಯಾರ್ಥಿ. 1916ರಲ್ಲಿ ಹುಟ್ಟಿದ ಅವರ ವ್ಯಾಸಂಗಕ್ಕೆ ಯುದ್ಧ ಅಡ್ಡಬಂದುದರಿಂದ ಜೋಡಿ ಸುರುಳಿಯ ಲೇಖನ ಪ್ರಕಟವಾದ 1953ರ ಏಪ್ರಿಲಿನಲ್ಲೂ ಡಾಕ್ಟರೇಟ್ ಅವರಿಗೆ ದೊರೆತಿರಲಿಲ್ಲ. ಕ್ಯಾವೆಂಡಿಶ್ ಪ್ರಯೋಗಶಾಲೆಯ ಮುಖ್ಯಸ್ಥರಾಗಿದ್ದ ಲಾರೆನ್ಸ್ ಬ್ರ್ಯಾಗ್ ಅವರೊಡನೆ ಕ್ರಿಕ್ ನಡೆಸಿದ ಜಗಳವೊಂದನ್ನು ವಾಟ್ಸನ್ ವರ್ಣಿಸುತ್ತಾರೆ. ಬ್ರ್ಯಾಗ್ ಮತ್ತು ಪೆರುಟ್ಸ್ ಬರೆದ ಲೇಖನದಲ್ಲಿನ ವಿಚಾರವನ್ನು ತಾನು ತಿಂಗಳುಗಳ ಹಿಂದೆಯೇ ಹೇಳಿದ್ದೆನೆಂಬುದು ಕ್ರಿಕ್ಕರ ಆಕ್ಷೇಪ. ಬ್ರ್ಯಾಗರಿಗೆ ಕೋಪ ಬಂತು. ಕ್ರಿಕ್ಕರ ಮುಂದಿನ ಬದುಕಿಗೇ ಕುತ್ತು ಬರುವಂತಾಯಿತು. ಕೊನೆಗೆ ನಡುವೆ ಬಿದ್ದವರ ಮಾತಿನಿಂದ ಬಿರುಸು ತಣಿಯಿತು.

ಈ ಪ್ರಸಂಗವನ್ನು ವಾಟ್ಸನ್ ಹಾಸ್ಯಕ್ಕಾಗಿ ಬಳಸಿಕೊಂಡಿದ್ದಾರೆ. ಒಬ್ಬ ವಾಚಾಳಿ, ಇನ್ನೊಬ್ಬ ತಾಳ್ಮೆಗೆಟ್ಟ ಹಿರಿಯ. ನಗು ಸಹಜವಾಗಿಯೇ ಬರುತ್ತದೆ. ಆದರೆ ನಗುವಿನ ಕೆಳಗೆ ಇರುವುದೇನು? ತನ್ನ ವಿಚಾರಕ್ಕೆ ಮನ್ನಣೆ ದೊರೆಯಲಿಲ್ಲವೆಂದು ವಿದ್ಯಾರ್ಥಿ ಮಾಡಿದ ಅಹವಾಲು. ಅದು ನಿಜವೋ ಸುಳ್ಳೋ, ಅದನ್ನು ವಿಚಾರಿಸಲು ಅಲ್ಲಿ ಯಾವ ಏರ್ಪಾಡೂ ಕಾಣುವುದಿಲ್ಲ. ಯಾರ ಮೇಲೆ ಆಕ್ಷೇಪವಿತ್ತೋ ಅವರ ಕೃಪೆಯಲ್ಲೇ ಆಕ್ಷೇಪಿಸಿದವನ ಭವಿಷ್ಯವೂ ಇತ್ತು. ವಾಟ್ಸನ್ನರ ಗ್ರಂಥದ ದೊಡ್ಡ ಊನ ಇದೇ ಎಂದು ನಾವು ಭಾವಿಸುತ್ತೇವೆ. ಅಲ್ಲಿ ಪ್ರತಿಯೊಂದು ಅಹವಾಲೂ ಸ್ವಭಾವದೋಷವಾಗಿ ಮಾರ್ಪಡುತ್ತದೆ. ಕ್ರಿಕ್ ಮಾತು ಹೆಚ್ಚಿದವನು, ಫ್ರ್ಯಾಂಕ್ಲಿನ್ ಸಿಡುಕಿನವಳು. ಅವರು ಹೇಳಿದ್ದು ಸರಿಯೆ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಪ್ರಕಟಣೆಗೆ ಮುನ್ನ ಈ ಗ್ರಂಥವನ್ನು ಕ್ರಿಕ್ಕರೂ ವಿಲ್ಕಿನ್ಸರೂ ಆಕ್ಷೇಪಿಸಿದ್ದರು. 1958ರಲ್ಲೇ ತೀರಿಕೊಂಡಿದ್ದ ರೋಸಲಿಂಡ್ ಫ್ರ್ಯಾಂಕ್ಲಿನ್ ಆಕ್ಷೇಪಿಸುವಂತಿರಲಿಲ್ಲ.

ಕ್ರಿಕ್ ಮಾತನಾಡಬಲ್ಲ ವಿದ್ಯಾರ್ಥಿ. ಅದೇ ಕಥೆಯಲ್ಲಿ ಮಾತನಾಡದ ವಿದ್ಯಾರ್ಥಿಯೊಬ್ಬರಿದ್ದಾರೆ: ಲಂಡನ್ನಿನ ಕಿಂಗ್ಸ್ ಕಾಲೇಜಿನ ರೇಮಂಡ್ ಗಾಸ್ಲಿಂಗ್. ಮಾರಿಸ್ ವಿಲ್ಕಿನ್ಸರೊಡನೆ ಕೆಲಸಮಾಡಿ 1950ರಲ್ಲೇ ಡಿ.ಎನ್.ಎ. ಎಳೆಗಳಿಂದ ಸೊಗಸಾದ ಕ್ಷ-ಕಿರಣ ಚಿತ್ರಗಳನ್ನು ಪಡೆದಿದ್ದವರು ಅವರು. 1951ರಲ್ಲಿ ಫ್ರ್ಯಾಂಕ್ಲಿನ್ ಬಂದಾಗ ಮುಖ್ಯಸ್ಥರಾದ ಜಾನ್ ರ‍್ಯಾಂಡಲ್ ಗಾಸ್ಲಿಂಗರನ್ನು ಆಕೆಯ ಕೈಕೆಳಗೆ ಕೊಟ್ಟರು. 1952ರ ಮೇ ತಿಂಗಳಲ್ಲಿ ಅವರಿಬ್ಬರೂ ಪಡೆದ ಚಿತ್ರವೇ 51ನೆಯ ಸಂಖ್ಯೆಯ ಪ್ರಖ್ಯಾತ ಚಿತ್ರ. ಅದಕ್ಕಾಗಿ ಎಳೆಯನ್ನು 60 ಗಂಟೆಗೂ ಮಿಕ್ಕು ಕಿರಣಗಳಿಗೆ ಒಡ್ಡಬೇಕಾಯಿತು. 1953ರ ಮೊದಲಲ್ಲಿ ಫ್ರ್ಯಾಂಕ್ಲಿನ್ ಬರ್ಕ್‌ಬೆಕ್ ಕಾಲೇಜಿಗೆ ಹೊರಡುವುದು ಗೊತ್ತಾದಾಗ ಗಾಸ್ಲಿಂಗ್ ಮರಳಿ ವಿಲ್ಕಿನ್ಸರ ವಶಕ್ಕೆ ಬಂದರು. ಅವರ ಜೊತೆಯಲ್ಲೇ ಚಿತ್ರವೂ ವಿಲ್ಕಿನ್ಸರ ಕೈಗೆ ಬಂತು. ಆ ಜನವರಿಯ ಕೊನೆಯಲ್ಲಿ ಫ್ರ್ಯಾಂಕ್ಲಿನ್ನರಿಗೆ ತಿಳಿಸದೆಯೇ ವಿಲ್ಕಿನ್ಸ್ ಅದನ್ನು ವಾಟ್ಸನ್ನರಿಗೆ ತೋರಿಸಿದರು. ಅನಂತರ ಫ್ರ್ಯಾಂಕ್ಲಿನ್ ಡಿ.ಎನ್.ಎ. ಕೆಲಸವನ್ನು ಬಿಟ್ಟುಬಿಡಬೇಕೆಂದು ರ‍್ಯಾಂಡಲ್ ಪತ್ರ ಬರೆದರು. ಆದರೂ ಗಾಸ್ಲಿಂಗರ ಮಹಾಪ್ರಬಂಧಕ್ಕೆ ಆಕೆ ನೆರವಾಗುತ್ತಲೇ ಇದ್ದರು.

ಎರಡು ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿ ಮೂರು ಬಾರಿ ಕೈಬದಲಾದ ವೃತ್ತಾಂತವಿದು: ವಿಲ್ಕಿನ್ಸರಿಂದ ಫ್ರ್ಯಾಂಕ್ಲಿನ್ನರಿಗೆ, ಫ್ರ್ಯಾಂಕ್ಲಿನ್ನರಿಂದ ಮತ್ತೆ ವಿಲ್ಕಿನ್ಸರಿಗೆ, ಕೊನೆಗೆ ಹೆಸರಿಗೆ ಒಬ್ಬರು, ನೆರವಿಗೆ ಇನ್ನೊಬ್ಬರು. ಇದನ್ನು ಬರೆದವರು ಹೇಗೆ ಬರೆದಿದ್ದಾರೆ ನೋಡಿ. ವಾಟ್ಸನ್ನರಲ್ಲಿ ಗಾಸ್ಲಿಂಗ್ ಒಂದು ಹೆಸರು ಮಾತ್ರ. 1975ರಲ್ಲಿ ಫ್ರ್ಯಾಂಕ್ಲಿನ್ನರ ಪರವಾಗಿ ಗ್ರಂಥ ಬರೆದ ಆನ್ ಸೇಯರ್ ತಮ್ಮ ಗೆಳತಿಗೆ ನ್ಯಾಯ ದೊರಕಿಸಲು ಹೊರಟವರು. ವಿದ್ಯಾರ್ಥಿಯ ಪ್ರಶ್ನೆ ಅವರ ವಾದದ ಅಂಚಿನಲ್ಲೇ ಉಳಿಯುತ್ತದೆ. ವಿಲ್ಕಿನ್ಸರು 2003ರ ತಮ್ಮ ಆತ್ಮಕಥೆಯಲ್ಲಿ, ಗಾಸ್ಲಿಂಗ್ ಪ್ರಯೋಗಶಾಲೆಯ ಮೊಗಸಾಲೆಯಲ್ಲಿ ತಮಗೆ ಆ ಚಿತ್ರವನ್ನು ಕೊಟ್ಟರೆಂದು ಹೇಳುತ್ತಾರೆ. ಆ ಮೊಗಸಾಲೆಯ ನೆನಪು ನಮಗೆ ಇಡೀ ಗ್ರಂಥದಲ್ಲಿ ಅತ್ಯಂತ ಅರ್ಥವತ್ತಾಗಿ ತೋರುತ್ತದೆ. ಇಷ್ಟು ದೊಡ್ಡ ಹಸ್ತಾಂತರ ಸಭೆಯಲ್ಲಿ ನಡೆಯಲಿಲ್ಲ, ಪತ್ರದ ಮೂಲಕ ನಡೆಯಲಿಲ್ಲ. ಇಬ್ಬರು ಎದುರಾದಾಗ ನಡೆಯಿತು.

ಅನ್ನಾ ಝೀಗ್ಲರ್ ರಚಿಸಿದ 'ಫೋಟೋಗ್ರಾಫ್ 51' ಎಂಬ ನಾಟಕದಲ್ಲಿ ಗಾಸ್ಲಿಂಗ್ ಒಂದು ಪಾತ್ರವಾಗಿಯೇ ಬರುತ್ತಾರೆ; 2015ರಲ್ಲಿ ಲಂಡನ್ನಿನ ರಂಗದ ಮೇಲೆ ಅದು ಬಹಳ ಪ್ರಸಿದ್ಧಿ ಪಡೆಯಿತು. ಅಲ್ಲಿನ ಗಾಸ್ಲಿಂಗರಿಗೆ ಮಾತಿದೆ, ಸಭಿಕರತ್ತ ತಿರುಗಿ ನುಡಿಯುವ ಸಲಿಗೆಯಿದೆ, ನಗಿಸುವ ಗುಣವಿದೆ. ನಮ್ಮ ಸಂಸ್ಕೃತ ನಾಟಕಗಳ ವಿದೂಷಕನನ್ನು ಬಲ್ಲವರಿಗೆ ಈ ಪಾತ್ರ ಹೊಸದೆನಿಸದು. ವಿದೂಷಕನೂ ರಾಜನ ಪಕ್ಕದಲ್ಲೇ ಇರುತ್ತಾನೆ, ಎಲ್ಲವನ್ನೂ ನೋಡುತ್ತಾನೆ, ಒಮ್ಮೊಮ್ಮೆ ಸತ್ಯವನ್ನೂ ಆಡಿಬಿಡುತ್ತಾನೆ. ಆದರೆ ಅವನ ಮಾತಿನಿಂದ ರಾಜ್ಯದ ನಿರ್ಣಯವೊಂದೂ ಬದಲಾಗುವುದಿಲ್ಲ. ವಿದ್ಯಾರ್ಥಿಗೆ ಮಾತು ಕೊಟ್ಟುದು ನಾಟಕಕಾರ್ತಿಯ ಔಚಿತ್ಯಪ್ರಜ್ಞೆಗೆ ಸಾಕ್ಷಿ. ಆ ಮಾತಿಗೆ ತೂಕ ಬಾರದಿರುವುದು ಅಂದಿನ ಪ್ರಯೋಗಶಾಲೆಯ ವಾಸ್ತವಕ್ಕೆ ಸಾಕ್ಷಿ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಗಾಸ್ಲಿಂಗ್ ಮಾಡಿದ್ದರಲ್ಲಿ ತಪ್ಪೇನು? ಮಾರ್ಗದರ್ಶಕರು ಬದಲಾದರು, ವಿದ್ಯಾರ್ಥಿ ತನ್ನ ಚಿತ್ರವನ್ನು ಹೊಸ ಮಾರ್ಗದರ್ಶಕರಿಗೆ ಒಪ್ಪಿಸಿದ. ಆಕ್ಷೇಪ ಸಾಧುವಾದುದೇ. ಅಲ್ಲದೆ, ಆ ಒಂದು ಚಿತ್ರದಿಂದಲೇ ಎಲ್ಲವೂ ಹೊಳೆಯಿತೆಂಬ ಕಥೆ ಉತ್ಪ್ರೇಕ್ಷೆಯೆಂದೂ, ಫ್ರ್ಯಾಂಕ್ಲಿನ್ ವಂಚಿತೆಯೆನ್ನುವುದಕ್ಕಿಂತ ಸಮಾನ ಪಾಲುದಾರಳೆನ್ನುವುದು ಸರಿಯೆಂದೂ ಮ್ಯಾಥ್ಯೂ ಕಾಬ್ ಮತ್ತು ನಥಾನಿಯಲ್ ಕಂಫರ್ಟ್ 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಾದಿಸಿದ್ದಾರೆ. 1953ರ ಏಪ್ರಿಲ್ 25ರ 'ನೇಚರ್' ಸಂಚಿಕೆಯಲ್ಲಿ ಫ್ರ್ಯಾಂಕ್ಲಿನ್ನರ ಲೇಖನದ ಮೇಲೆ ಗಾಸ್ಲಿಂಗರ ಹೆಸರೂ ಇದೆ. ಇಷ್ಟನ್ನೂ ಒಪ್ಪಿದ ಮೇಲೂ ನಮ್ಮ ಪ್ರಶ್ನೆ ಉಳಿಯುತ್ತದೆ. ಕದ್ದವರು ಯಾರು ಎಂಬುದು ನಮ್ಮ ಪ್ರಶ್ನೆಯಲ್ಲ. 'ಇದನ್ನು ಕೊಡಬಹುದೆ? ಆಕೆಗೆ ಹೇಳಬೇಕೆ?' ಎಂದು ಕೇಳಬೇಕೆನಿಸಿದ್ದರೆ ಗಾಸ್ಲಿಂಗ್ ಯಾರನ್ನು ಕೇಳಬಹುದಿತ್ತು? ಫ್ರ್ಯಾಂಕ್ಲಿನ್ನರನ್ನು ಕೇಳಿದರೆ ವಿಲ್ಕಿನ್ಸರಿಗೆ ಅವಿಧೇಯತೆ. ವಿಲ್ಕಿನ್ಸರನ್ನು ಕೇಳಿದರೆ ಉತ್ತರ ಮೊದಲೇ ಗೊತ್ತು. ಇವರಿಬ್ಬರನ್ನೂ ಹಾಗೆ ನಿಲ್ಲಿಸಿದವರೇ ರ‍್ಯಾಂಡಲ್. ದಾಕ್ಷಿಣ್ಯದ ಹೊರಗೆ ನಿಂತು ಕೇಳಬಹುದಾದ ಒಂದು ಬಾಗಿಲೂ ಇರಲಿಲ್ಲ.

ಮಾರ್ಗದರ್ಶಕರು ಸಜ್ಜನರಾದರೆ ಇದಾವುದೂ ಬೇಕಿಲ್ಲವೆಂದು ಇನ್ನು ಕೆಲವರು ಹೇಳುತ್ತಾರೆ. ಅವರ ಪಕ್ಷಕ್ಕೂ ಉದಾಹರಣೆಗಳಿವೆ. ಲೈಸೊಜೈಮ್ ಎಂಬ ಕಿಣ್ವಕ್ಕೆ ಪ್ರತಿಬಂಧಕ ಅಣುಗಳು ಅಂಟಿಕೊಳ್ಳುವ ಬಗೆಯನ್ನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕಂಡ ಲೂಯಿಸ್ ಜಾನ್ಸನ್ ಆಗ ಸಂಶೋಧನ ವಿದ್ಯಾರ್ಥಿನಿ. 1965ರಲ್ಲಿ ಆ ಲೇಖನ ಹೊರಬಂದಾಗ ಆಕೆಯ ಹೆಸರು ಮೊದಲು, ಮಾರ್ಗದರ್ಶಕರಾದ ಡೇವಿಡ್ ಫಿಲಿಪ್ಸರ ಹೆಸರು ಅನಂತರ. ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ 1963ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ಅವರ ಶಿಷ್ಯರಾದ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರ ಹೆಸರುಗಳೂ ಜೊತೆಗಿವೆ. 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಭೌತ ವಿಭಾಗ ಆರಂಭವಾದ ಮೇಲೆ ಆ ಶಿಷ್ಯರೂ ಅಲ್ಲಿ ಗುರುವಿನ ಸಹೋದ್ಯೋಗಿಗಳಾದರು. ಇಲ್ಲಿಯೂ ಲೋಕ ತನ್ನ ಅಭ್ಯಾಸವನ್ನು ಬಿಟ್ಟಿಲ್ಲ: ಲೇಖನದಲ್ಲಿ ಮೂರು ಹೆಸರುಗಳಿದ್ದರೂ ನಕ್ಷೆಗೆ ನಿಂತುದು ರಾಮಚಂದ್ರನ್ನರ ಹೆಸರೊಂದೇ. ಗುರು ಕೊಟ್ಟುದನ್ನು ಪಠ್ಯಪುಸ್ತಕಗಳು ಕಳೆದುವು. ಗುರುವಿನ ಸೌಜನ್ಯ ದೊಡ್ಡದು. ಆದರೆ ಅದು ಗುರುವಿನೊಡನೆಯೇ ಬಂದು ಗುರುವಿನೊಡನೆಯೇ ಹೋಗತಕ್ಕುದು. ಸೌಜನ್ಯವಿಲ್ಲದ ಕಡೆಯೂ ನ್ಯಾಯ ನಡೆಯಬೇಕಾದರೆ ಏರ್ಪಾಡು ಬೇಕು.

ಪರಿಷತ್ತಿನ ಸದಸ್ಯನ ಸ್ಥಾನ ಈ ಏರ್ಪಾಡಿನಲ್ಲಿದೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಘದ ಸಂಸ್ಥೆಗಳಲ್ಲಿ ರಚನಾ ಜೀವವಿಜ್ಞಾನದ ಹೆಸರಾಂತ ಕೇಂದ್ರಗಳೂ ಸೇರಿವೆ. ಅಲ್ಲಿನ ಡಾಕ್ಟರೇಟ್ ವಿದ್ಯಾರ್ಥಿಗಳು ಪ್ರತಿ ಸಂಸ್ಥೆಯಿಂದಲೂ ಪ್ರತಿನಿಧಿಗಳನ್ನು ಆರಿಸಿ 2003ರಲ್ಲಿ ತಮ್ಮದೇ ಒಕ್ಕೂಟವನ್ನು ಕಟ್ಟಿದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ವಿದ್ಯಾರ್ಥಿಗಳ ಪರಿಷತ್ತಿದೆ. ನಮ್ಮ ದೇಶದಲ್ಲಿ ಕಿರಿಯ ಸಂಶೋಧಕರ ಮಾಸಿಕ ಶಿಷ್ಯವೇತನ 2019ರಲ್ಲಿ 25,000ದಿಂದ 31,000 ರೂಪಾಯಿಗಳಿಗೂ, 2023ರಲ್ಲಿ 37,000 ರೂಪಾಯಿಗಳಿಗೂ ಏರಿತು. ವಿದ್ಯಾರ್ಥಿಗಳು ಒಟ್ಟುಗೂಡಿ ಕೇಳದೆ ಇದ್ದಿದ್ದರೆ ಈ ಏರಿಕೆ ಇನ್ನೂ ತಡವಾಗುತ್ತಿತ್ತೆಂದೇ ನಮ್ಮ ಎಣಿಕೆ. 'ಶಿಷ್ಯವೇತನ' ಎಂಬ ನಮ್ಮ ಪದವನ್ನೇ ವಿಚಾರಿಸಿ ನೋಡಬಹುದು. ಶಿಷ್ಯನಿಗೆ ಸಲ್ಲತಕ್ಕುದು ವಿದ್ಯೆ, ದುಡಿದವನಿಗೆ ಸಲ್ಲತಕ್ಕುದು ವೇತನ. ಎರಡನ್ನೂ ಒಂದೇ ಪದದಲ್ಲಿ ಕಟ್ಟಿದ ನಾವು, ದುಡಿಮೆಯ ಹಕ್ಕು ಕೇಳಿದಾಗ ಶಿಷ್ಯತ್ವವನ್ನೂ, ಶಿಷ್ಯನ ಕಲಿಕೆಯ ಮಾತೆತ್ತಿದಾಗ ವೇತನವನ್ನೂ ಮುಂದೊಡ್ಡುವುದುಂಟು.

ಪರಿಷತ್ತುಗಳನ್ನು ಹೊಗಳಿಯೇ ಮುಗಿಸುವುದು ವಿಮರ್ಶೆಯಾಗದು. ಅನೇಕ ಕಡೆ ಅವು ಸ್ವಾಗತಕೂಟ, ಕ್ರೀಡೆ, ವಾರ್ಷಿಕೋತ್ಸವಗಳ ವ್ಯವಸ್ಥಾಪಕ ಮಂಡಲಿಗಳಾಗಿ ನಿಂತುಬಿಡುತ್ತವೆ. ಅದು ಆಡಳಿತಕ್ಕೂ ಹಿತ, ಸದಸ್ಯರಿಗೂ ಸುಲಭ. ಸದಸ್ಯನ ಕಷ್ಟವನ್ನೂ ಮರೆಯಬಾರದು: ಅವನ ಮಹಾಪ್ರಬಂಧಕ್ಕೂ ಮಾರ್ಗದರ್ಶಕರ ಸಹಿ ಬೇಕು. ಇತರರ ಪರವಾಗಿ ಮಾತನಾಡುವವನು ತಾನೇ ಹಂಗಿನಲ್ಲಿರುತ್ತಾನೆ. ಅವಧಿ ಕಿರಿದಾದುದರಿಂದ ಒಬ್ಬನು ಕಲಿತುದು ಮುಂದಿನವನಿಗೆ ತಲಪುವುದಿಲ್ಲ. ಪ್ರತಿ ಪರಿಷತ್ತೂ ಮೊದಲಿನಿಂದಲೇ ಆರಂಭಿಸುತ್ತದೆ. ಆದುದರಿಂದ ಸದಸ್ಯರು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ ಬರವಣಿಗೆಯೆಂದು ನಮಗೆ ತೋರುತ್ತದೆ. ಮಾರ್ಗದರ್ಶಕರು ಬದಲಾದಾಗ ವಿದ್ಯಾರ್ಥಿಯ ಚಿತ್ರಗಳೂ ಗಣನೆಗಳೂ ಯಾರ ವಶಕ್ಕೆ ಹೋದುವು, ಲೇಖನದಲ್ಲಿ ಹೆಸರುಗಳ ಕ್ರಮವನ್ನು ಯಾರು ಯಾವಾಗ ನಿರ್ಣಯಿಸಿದರು, ಅಹವಾಲಿಗೆ ಏನು ಉತ್ತರ ಬಂತು ಎಂಬುದಕ್ಕೆ ಒಂದು ಕಡತವಿರಬೇಕು. ಆಗ ಮೊಗಸಾಲೆಯ ವ್ಯವಹಾರ ಸಭೆಗೆ ಬರುತ್ತದೆ.

ನಮ್ಮ ವಾಚಕರಲ್ಲಿ ಮಾರ್ಗದರ್ಶಕರೂ ಇದ್ದಾರೆ, ವಿದ್ಯಾರ್ಥಿಗಳೂ ಇದ್ದಾರೆ. ಈ ಗ್ರಂಥಗಳನ್ನು ಓದುವಾಗ ಹಿರಿಯರು ರ‍್ಯಾಂಡಲ್ಲರ ಪತ್ರದ ಬಳಿಯೂ, ಕಿರಿಯರು ವಿಲ್ಕಿನ್ಸರ ಮೊಗಸಾಲೆಯ ಬಳಿಯೂ ತುಸು ನಿಲ್ಲಬೇಕೆಂದು ನಮ್ಮ ಅರಿಕೆ. ಜೋಡಿ ಸುರುಳಿಯ ಕಥೆಯನ್ನು ನಾಯಕರು ಬರೆದಿದ್ದಾರೆ, ಗೆಳತಿ ಬರೆದಿದ್ದಾಳೆ, ನಾಟಕಕಾರ್ತಿ ಬರೆದಿದ್ದಾಳೆ. ಪ್ರಯೋಗಶಾಲೆಯ ಮುಂದಿನ ಕಥೆಯನ್ನು ಬರೆಯುವವರಿಗೆ ಪರಿಷತ್ತಿನ ಕಡತವೊಂದು ಕೈಗೆ ಸಿಕ್ಕಿದರೆ, ಅದರಲ್ಲಿ ವಿದ್ಯಾರ್ಥಿ ಕೈಯಾಳಾಗಿಯೋ ವಿದೂಷಕನಾಗಿಯೋ ಬರಬೇಕಾಗುವುದಿಲ್ಲ.