ರಿವೆಟ್‌ಗಳಲ್ಲಿ ಹೊಲಿದ ರೆಕ್ಕೆ

ಅಮೆರಿಕದ ಆರಿಗನ್ ರಾಜ್ಯದಲ್ಲಿ ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ 1973ರಲ್ಲಿ ಆರಂಭಿಸಿದ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿ ವಿಮಾನವನ್ನು ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಕಳಿಸುತ್ತದೆ. ಕೊಂಡವರ ಕಾರು ನಿಲ್ಲಿಸುವ ಶೆಡ್ಡಿನಲ್ಲೇ ಅದಕ್ಕೆ ರೂಪ ಬರುತ್ತದೆ. ಹವ್ಯಾಸಿ ನಿರ್ಮಿತ ವಿಮಾನವೆನಿಸಿಕೊಳ್ಳಲು ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಗಳದ್ದೇ ಆಗಿರಬೇಕೆಂಬುದು ಅಮೆರಿಕದ ನಿಯಮ.

ನನ್ನನ್ನು ಮರುಳು ಮಾಡಿದ್ದು ತಗಡುಗಳನ್ನು ಜೋಡಿಸುವ ರಿವೆಟ್ ಕೆಲಸ. ಕೊರೆದ ಪ್ರತಿ ತೂತಿನ ಅಂಚನ್ನೂ ನುಣುಪಾಗಿಸಬೇಕು. ಬಿಟ್ಟ ಸಣ್ಣ ಮುಳ್ಳೂ ಮುಂದೆ ಬಿರುಕಿಗೆ ಬೀಜವಾದೀತು. ತೂತಿನ ಸುತ್ತ ತಗಡನ್ನು ಬಟ್ಟಲಿನಂತೆ ತಗ್ಗಿಸಿದರೆ ರಿವೆಟ್ಟಿನ ತಲೆ ಮೇಲ್ಮೈಗೆ ಸಮನಾಗಿ ಕೂರುತ್ತದೆ, ಗಾಳಿ ತಡೆಯಿಲ್ಲದೆ ಜಾರುತ್ತದೆ. ಹೊರಗಿನಿಂದ ಒಬ್ಬರು ರಿವೆಟ್ ಗನ್ ಒತ್ತಿದರೆ, ಒಳಗಿನಿಂದ ಇನ್ನೊಬ್ಬರು ಉಕ್ಕಿನ ಗಟ್ಟಿ ಹಿಡಿದಿರುತ್ತಾರೆ. ಟರ್ರ್ ಎಂದು ಅರೆಗಳಿಗೆಯ ಸದ್ದು. ಚಪ್ಪಟೆಯಾದ ಬಾಲದ ಅಗಲ ರಿವೆಟ್ಟಿನ ವ್ಯಾಸದ ಒಂದೂವರೆ ಪಟ್ಟು, ಎತ್ತರ ಅರ್ಧದಷ್ಟು ಇರಬೇಕು. ಅನುಭವಿ ಕಿವಿ ಇದನ್ನು ಸದ್ದಿನಲ್ಲೇ ಗುರುತಿಸುತ್ತದೆ. ತಪ್ಪಿದರೆ ಕೊರೆದು ತೆಗೆದು, ಹೊಸದನ್ನು ಹೊಡೆಯುವುದು. ಹೀಗೆ ಸಾವಿರಾರು.

ಉಪಕರಣಗಳ ಆಯ್ಕೆಯಲ್ಲೂ ಅದೇ ಸಂಯಮ. ಹಾರುವಾಗಲೇ ಅಲಗಿನ ಕೋನ ಬದಲಿಸುವ ಪ್ರೊಪೆಲರ್ ಚೆನ್ನಾಗಿ ಮೇಲೇರಿಸುತ್ತದೆ. ಆದರೆ ಮೂಗಿಗೆ ಭಾರ, ಜೇಬಿಗೂ ಭಾರ. ಪೈಲಟ್ ಮುಂದಿನ ಬಣ್ಣದ ಪರದೆ ಎಲ್ಲವನ್ನೂ ತೋರಿಸುತ್ತದೆ. ಆದರೆ ವಿದ್ಯುತ್ ಕೈಕೊಟ್ಟರೆ ಏನು ಗತಿ ಎಂದು ಯೋಚಿಸಿ ಬದಲಿ ಬ್ಯಾಟರಿಗೆ ಜಾಗ ಮಾಡುವವರೇ ಜಾಣರು. ಬೇಕಾದದ್ದನ್ನೆಲ್ಲ ತುಂಬುವುದು ಸುಲಭ, ಬೇಡವೆನ್ನುವುದು ಕಲೆ.

ತಾನು ಹೊಡೆದ ರಿವೆಟ್ಟನ್ನು ನಂಬಿ ತಾನೇ ಆಕಾಶಕ್ಕೇರುವವನ ಕೆಲಸದಷ್ಟು ಪ್ರಾಮಾಣಿಕವಾದ ಕುಶಲಕರ್ಮ ಬೇರೊಂದಿಲ್ಲ.