ಬಾಳ್ಗಚ್ಚಿನಿಂದ ಬಾಕಿ ಹಣದವರೆಗೆ

ಕನ್ನಡ ಟೀಚರ್ ಆದವಳಿಗೆ ಆಗಸ್ಟ್ ತಿಂಗಳಲ್ಲಿ ಒಂದು ಕೆಲಸ ತಪ್ಪಿದ್ದಲ್ಲ. ಸ್ವಾತಂತ್ರ್ಯ ದಿನಾಚರಣೆಯ ಸ್ವಾಗತ ಭಾಷಣ, ಅತಿಥಿಗಳ ಪರಿಚಯ, ಭಾಷಣ ಸ್ಪರ್ಧೆಗೆ ಹೆಸರು ಕೊಟ್ಟ ಮಕ್ಕಳಿಗೆ ಬಾಯಿಪಾಠ ಮಾಡಲು ಎರಡು ಪುಟ, ಇವೆಲ್ಲ ಅವಳ ಪಾಲಿಗೇ ಬರುತ್ತವೆ. ಮೈ ಕೊರೆಯುವ ಚಳಿಯಲ್ಲಿ ಗಡಿ ಕಾಯುವ ವೀರ ಯೋಧನ ಬಗ್ಗೆ ಈ ಮೂವತ್ತು ವರ್ಷಗಳಲ್ಲಿ ನಾನೆಷ್ಟು ಪುಟ ಬರೆದಿರಬಹುದೋ ಲೆಕ್ಕವಿಲ್ಲ. ಅವುಗಳಿಗೆ ಬಹುಮಾನಗಳೂ ಬಂದಿವೆ. ಹಾಗಾಗಿ ಇಲ್ಲಿ ನಾನು ಮಾಡಹೊರಟ ವಿಮರ್ಶೆ ಮೊದಲು ನನ್ನ ಬರಹದ್ದೇ.

2015ರಲ್ಲಿ ಅತಿಥಿಯಾಗಿ ನಮ್ಮ ದೊಡ್ಡಕ್ಕನ ಗಂಡನನ್ನು ಕರೆಯೋಣವೆಂದು ಮುಖ್ಯೋಪಾಧ್ಯಾಯರಿಗೆ ಸೂಚಿಸಿದವಳು ನಾನು. ಭಾವ ಹದಿನೆಂಟನೆಯ ವಯಸ್ಸಿಗೆ ಸೈನ್ಯ ಸೇರಿದವರು. 1971ರ ಯುದ್ಧ ಕಂಡವರು. 1983ರಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದಾಗ ಅವರಿಗೆ ಮೂವತ್ತಾರು ವರ್ಷ; ಇಬ್ಬರು ಮಕ್ಕಳು ಪ್ರಾಥಮಿಕ ಶಾಲೆಯಲ್ಲಿದ್ದರು. ಮುಂದೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಮಂಗಳೂರಿನಲ್ಲಿ ಬಂದೂಕು ಹಿಡಿದು ಬ್ಯಾಂಕಿನ ಬಾಗಿಲು ಕಾದರು. ಆಗಸ್ಟ್ 14ರ ಸಂಜೆ, ಮರುದಿನದ ಭಾಷಣ ಬರೆದುಕೊಂಡು ಬಿಜೈಯ ಅವರ ಮನೆಗೆ ಹೋದೆ. ಹೊರಗೆ ಸಣ್ಣ ಮಳೆ. ಒಳಗೆ ಟಿ.ವಿ.ಯಲ್ಲಿ ದೆಹಲಿಯ ಜಂತರ್ ಮಂತರ್. 'ಒಂದು ಹುದ್ದೆ, ಒಂದು ಪಿಂಚಣಿ' ಬೇಕೆಂದು ಜೂನ್ 15ರಿಂದ ಅಲ್ಲಿ ಕುಳಿತಿದ್ದ ಮಾಜಿ ಸೈನಿಕರನ್ನು, ಸ್ವಾತಂತ್ರ್ಯ ದಿನದ ಭದ್ರತೆಯ ಕಾರಣ ಹೇಳಿ ಪೊಲೀಸರು ಎಬ್ಬಿಸುತ್ತಿದ್ದರು. ಎದೆಯ ಮೇಲೆ ಪದಕ ಹಾಕಿಕೊಂಡ ಮುದುಕರನ್ನು ಎಳೆದಾಡುತ್ತಿದ್ದುದು ಕಾಣುತ್ತಿತ್ತು.

ಭಾವ ಟಿ.ವಿ. ಆರಿಸಿ, ಕನ್ನಡಕ ಹಾಕಿಕೊಂಡು ನಾನು ಬರೆದದ್ದನ್ನು ಪೂರ್ತಿ ಓದಿದರು. "ಚಂದ ಬರ್ದಿದ್ದೀ. ಆದ್ರೆ ಇದ್ರಲ್ಲಿ ನಾನೆಲ್ಲಿದ್ದೇನೆ ಮಾರಾಯ್ತಿ? ಇದು ಸತ್ತವರಿಗೆ ಬರ್ದದ್ದು. ನಾನು ಬದುಕಿದ್ದೇನಲ್ಲ" ಎಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ನಾಳೆ ನನಗಾಗುದಿಲ್ಲ. ಬೇರೆ ಯಾರನ್ನಾದ್ರೂ ಕರಿ" ಎಂದರು. ಅಕ್ಕ ಒಳಗಿನಿಂದ ಚಹಾ ತಂದವಳು ಹಾಗೆಯೇ ನಿಂತಳು. ಮರುದಿನ ಅವರು ಬರಲಿಲ್ಲ. ನನಗೆ ಸಿಟ್ಟು ಬಂದದ್ದು ನಿಜ. ಆದರೆ ಆ ಮಾತು ಸಿಟ್ಟಿನ ಜೊತೆಗೆ ಹೋಗಲಿಲ್ಲ.

ಆಮೇಲೆ ನಾನು ನನ್ನ ಹಳೆಯ ಭಾಷಣಗಳನ್ನು ತೆಗೆದು ನೋಡಿದೆ. ಭಾವ ಹೇಳಿದ್ದು ಸರಿಯಾಗಿತ್ತು. ಅವುಗಳಲ್ಲಿ ಸೈನಿಕ ಹೊರಡುತ್ತಾನೆ, ಹೋರಾಡುತ್ತಾನೆ, ಸಾಯುತ್ತಾನೆ. ಬದುಕಿ ಮನೆಗೆ ಬಂದು, ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಲ್ಲುವ ಸೈನಿಕ ಎಲ್ಲಿಯೂ ಇಲ್ಲ. ನಮ್ಮ ಸಿನಿಮಾಗಳ ಕತೆಯೂ ಹೆಚ್ಚುಕಡಿಮೆ ಇದೇ. ರಾಜೇಂದ್ರ ಸಿಂಗ್ ಬಾಬು ಅವರ 'ಮುತ್ತಿನ ಹಾರ' 1990ರಲ್ಲಿ ಬಂದಾಗ ವಿಷ್ಣುವರ್ಧನ್-ಸುಹಾಸಿನಿಯರ ಸೈನಿಕ ದಂಪತಿಗಳನ್ನು ಕಂಡು ಸೆರಗಿನಲ್ಲಿ ಕಣ್ಣೊರೆಸಿಕೊಂಡವರಲ್ಲಿ ನಾನೂ ಒಬ್ಬಳು. ಒಳ್ಳೆಯ ಚಿತ್ರ, ಅನುಮಾನವಿಲ್ಲ. ಆದರೆ ಸೈನಿಕನ ಪಿಂಚಣಿ ಪುಸ್ತಕದ ಬಗ್ಗೆ ಅಳುವಂತಹ ಚಿತ್ರವನ್ನು ಯಾರೂ ತೆಗೆಯುವುದಿಲ್ಲ, ತೆಗೆದರೆ ನಾವು ನೋಡಲು ಹೋಗುವುದೂ ಇಲ್ಲ. ಕದ್ರಿಗುಡ್ಡೆಯ ಯುದ್ಧ ಸ್ಮಾರಕದ ಮುಂದೆ ಬಸ್ಸಿನಲ್ಲಿ ಹೋಗುವಾಗ ನಮಗೆ ತಾನಾಗಿ ಗೌರವ ಮೂಡುತ್ತದೆ. ಅದೇ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕುಳಿತ ಮುದುಕರು ಯಾವ ಯುದ್ಧ ಕಂಡವರೋ ನಾವು ಕೇಳುವುದಿಲ್ಲ.

ಇನ್ನು ಅವರ ಬೇಡಿಕೆಯನ್ನು ಓದಿ ನೋಡೋಣ. ವ್ಯಾಕರಣ ಕಲಿಸುವವಳ ಹಾಗೆ, ಶಬ್ದ ಶಬ್ದವಾಗಿ. ಒಬ್ಬ ಹವಾಲ್ದಾರ 1983ರಲ್ಲಿ ನಿವೃತ್ತನಾದ. ಇನ್ನೊಬ್ಬ ಅಷ್ಟೇ ವರ್ಷ ದುಡಿದು 2006ರ ನಂತರ ನಿವೃತ್ತನಾದ. ನಡುವೆ ವೇತನ ಆಯೋಗಗಳು ಬಂದುದರಿಂದ ಎರಡನೆಯವನಿಗೆ ಪಿಂಚಣಿ ಹೆಚ್ಚು, ಮೊದಲನೆಯವನಿಗೆ ಕಡಿಮೆ. ತರಕಾರಿಯ ಬೆಲೆ ಮಾತ್ರ ಇಬ್ಬರಿಗೂ ಒಂದೇ. 1973ಕ್ಕೆ ಮೊದಲು ಸಿಪಾಯಿಗೆ ಸಂಬಳದ ಶೇಕಡಾ 70ರಷ್ಟು ಪಿಂಚಣಿ ಇತ್ತು, ಮೂರನೆಯ ವೇತನ ಆಯೋಗದ ಹೊತ್ತಿಗೆ ಅದು ಹೋಯಿತು ಎಂಬುದು ಮಾಜಿ ಸೈನಿಕರ ಹಳೆಯ ನೋವು. ಪಿಂಚಣಿ ಎಂಬುದು ಸರಕಾರ ಕೊಡುವ ಭಿಕ್ಷೆಯಲ್ಲ, ಮಾಡಿದ ಸೇವೆಗೆ ಸಲ್ಲಬೇಕಾದ ಹಕ್ಕು ಎಂದು ಸುಪ್ರೀಂ ಕೋರ್ಟು 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಹೇಳಿತು. ಆದರೂ ಅದೇ ತೀರ್ಪಿನ ಆಧಾರದಲ್ಲಿ ಸಮಾನ ಪಿಂಚಣಿ ಕೇಳಿದ ಮಾಜಿ ಸೈನಿಕರಿಗೆ 1991ರಲ್ಲಿ ಅಲ್ಲಿಯೇ ಸೋಲಾಯಿತು.

2011ರ ಡಿಸೆಂಬರಿನಲ್ಲಿ ಭಗತ್ ಸಿಂಗ್ ಕೋಶಿಯಾರಿ ಅವರ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ ಇದಕ್ಕೊಂದು ಅರ್ಥ ಬರೆಯಿತು. ಒಂದೇ ದರ್ಜೆ, ಒಂದೇ ಅವಧಿಯ ಸೇವೆ ಇದ್ದರೆ ನಿವೃತ್ತಿಯ ದಿನಾಂಕ ಯಾವುದೇ ಇರಲಿ, ಪಿಂಚಣಿ ಒಂದೇ. ಮುಂದೆ ಹೊಸಬರಿಗೆ ಹೆಚ್ಚಾದದ್ದು ಹಳಬರಿಗೂ ತಾನಾಗಿಯೇ ಸಿಗಬೇಕು. ಈ 'ತಾನಾಗಿಯೇ' ಎಂಬ ಶಬ್ದವನ್ನು ನೆನಪಿಡಿ. 2014ರ ಫೆಬ್ರವರಿಯಲ್ಲಿ, ಚುನಾವಣೆಗೆ ಮುಂಚೆ, ಅಂದಿನ ಸರಕಾರ ಬೇಡಿಕೆಗೆ ಒಪ್ಪಿ 500 ಕೋಟಿ ರೂಪಾಯಿ ಇಟ್ಟಿತು. ಮುಂದೆ ಬಂದ ಸರಕಾರದವರೂ ಚುನಾವಣೆಯಲ್ಲಿ ಇದೇ ಮಾತು ಕೊಟ್ಟಿದ್ದರು. 2015ರ ಸೆಪ್ಟೆಂಬರ್ 5ರಂದು ರಕ್ಷಣಾ ಮಂತ್ರಿ ಮನೋಹರ ಪರಿಕ್ಕರ್ ಯೋಜನೆ ಘೋಷಿಸಿದರು, ನವೆಂಬರ್ 7ರಂದು ಆದೇಶ ಹೊರಟಿತು. ಆ ಆದೇಶದಲ್ಲಿ 'ತಾನಾಗಿಯೇ' ಹೋಗಿ 'ನಿಗದಿತ ಅವಧಿಗೊಮ್ಮೆ' ಬಂದಿತ್ತು. ಆ ಅವಧಿ ಐದು ವರ್ಷ. 2013ರಲ್ಲಿ ನಿವೃತ್ತರಾದವರ ಅತಿ ಹೆಚ್ಚು ಮತ್ತು ಅತಿ ಕಡಿಮೆ ಪಿಂಚಣಿಗಳ ಸರಾಸರಿಯನ್ನು ಹಿಡಿದು ಹಳಬರಿಗೆ ಲೆಕ್ಕ ಹಾಕುವುದೆಂದಾಯಿತು.

ಇದರ ಅರ್ಥವೇನು? ಇಂದು ಸಮ ಮಾಡಿದ್ದು ನಾಳೆ ಮತ್ತೆ ಏರುಪೇರಾಗುತ್ತದೆ, ಐದು ವರ್ಷ ಹಾಗೆಯೇ ಇರುತ್ತದೆ. ಎಂಬತ್ತು ದಾಟಿದವರಿಗೆ ಐದು ವರ್ಷವೆಂದರೆ ಎಷ್ಟು ದೊಡ್ಡ ಮಾತು! ಮಾಜಿ ಸೈನಿಕರು ಕೋರ್ಟಿಗೆ ಹೋದರು. ಇದು ಸರಕಾರದ ನೀತಿಗೆ ಬಿಟ್ಟ ವಿಚಾರ, ಇದರಲ್ಲಿ ಸಂವಿಧಾನಕ್ಕೆ ವಿರುದ್ಧವಾದುದಿಲ್ಲ ಎಂದು ಸುಪ್ರೀಂ ಕೋರ್ಟು 2022ರ ಮಾರ್ಚ್ 16ರಂದು ಹೇಳಿತು. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು, ನಾನು ಅದನ್ನು ಕೆದಕುವುದಿಲ್ಲ. ಆದರೆ ಸರಕಾರ ತಾನೇ ಬರೆದುಕೊಂಡ ಐದು ವರ್ಷವನ್ನಾದರೂ ಪಾಲಿಸಿತೇ? 2019ರ ಜುಲೈ 1ರಿಂದ ಆಗಬೇಕಿದ್ದ ಪರಿಷ್ಕರಣೆಗೆ ಮಂತ್ರಿಮಂಡಲ ಒಪ್ಪಿದ್ದು 2022ರ ಡಿಸೆಂಬರಿನಲ್ಲಿ. ಅಂದರೆ ಮೂರೂವರೆ ವರ್ಷ ತಡ. 2023ರ ಜನವರಿಯಲ್ಲಿ ಇನ್ನೊಂದು ಪತ್ರ ಬಂತು. ಬಾಕಿ ಹಣವನ್ನು ಅರ್ಧ ವರ್ಷಕ್ಕೊಂದರಂತೆ ನಾಲ್ಕು ಕಂತುಗಳಲ್ಲಿ ಕೊಡುತ್ತೇವೆ. ಕುಟುಂಬ ಪಿಂಚಣಿಯವರಿಗೆ ಮತ್ತು ಶೌರ್ಯ ಪ್ರಶಸ್ತಿ ಪಡೆದವರಿಗೆ ಮಾತ್ರ ಒಂದೇ ಕಂತು ಎಂದು.

ಭಾವ ಅದನ್ನು ಓದಿ ನಕ್ಕರು. "ಕೇಳಿದಿಯಾ ಟೀಚರೇ, ನಾನು ಬದುಕಿದ್ರೆ ನಾಲ್ಕು ಕಂತು. ಸತ್ರೆ ನಿನ್ನ ಅಕ್ಕನಿಗೆ ಒಂದೇ ಕಂತು!" ಅಕ್ಕ "ಬಿಡ್ತು ಅನ್ನಿ" ಎಂದು ಗದರಿದಳು. ನನಗೆ 2015ರ ಆ ಸಂಜೆ ನೆನಪಾಯಿತು. ನನ್ನ ಭಾಷಣ ಮಾಡಿದ ತಪ್ಪನ್ನೇ ಸರಕಾರದ ಪತ್ರವೂ ಮಾಡಿತ್ತು. ವಿಧವೆಯರಿಗೆ ಬೇಗ ಸಿಗಲಿ ಎಂಬ ಉದ್ದೇಶ ಒಳ್ಳೆಯದೇ, ಒಪ್ಪುತ್ತೇನೆ. ಆದರೆ ಬದುಕಿರುವ ಎಪ್ಪತ್ತೈದರ ಮುದುಕನಿಗೆ ಎರಡು ವರ್ಷ ಕಾಯಿರಿ ಎನ್ನುವುದು ಯಾವ ಲೆಕ್ಕ? ಕೊನೆಗೆ ಆ ವರ್ಷದ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಗದರಿಸಿ, ಎಪ್ಪತ್ತು ದಾಟಿದವರಿಗೆಲ್ಲ ಜೂನ್ 30ರೊಳಗೆ ಕೊಡಬೇಕೆಂದು ಆಜ್ಞೆ ಮಾಡಿದ ಮೇಲೆ ಹಣ ಬಂತು. ಭಾವ ಪಾಸ್‌ಬುಕ್ ಮುಚ್ಚಿ "ಬಂತು" ಎಂದರು, ಅಷ್ಟೆ. ಹಬ್ಬಕ್ಕೆ ತರಬೇಕಿದ್ದ ಸೀರೆಯನ್ನು ಜಗಳ ಮಾಡಿ ತರಿಸಿಕೊಂಡರೆ ಉಡುವಾಗ ಆಗುವ ಭಾವನೆ ನಮ್ಮ ಹೆಂಗಸರಿಗೆ ಗೊತ್ತಿಲ್ಲದ್ದೇ?

ಸರಕಾರ ಏನೂ ಕೊಡಲಿಲ್ಲವೆಂದರೆ ಸುಳ್ಳಾಗುತ್ತದೆ. 2019ರ ಪರಿಷ್ಕರಣೆಯಿಂದ 25 ಲಕ್ಷಕ್ಕೂ ಹೆಚ್ಚು ಜನರಿಗೆ ಲಾಭವೆಂದೂ, ಬಾಕಿಯೇ 23,638 ಕೋಟಿ ರೂಪಾಯಿಯೆಂದೂ ಸರಕಾರ ಲೆಕ್ಕ ಕೊಟ್ಟಿದೆ. ಮೂರನೆಯ ಸಲದ ಹೆಚ್ಚಳ 2024ರ ಜುಲೈ 1ರಿಂದ ಜಾರಿಗೆ ಬಂದಿದೆ. ಇದು ಸಣ್ಣ ಮೊತ್ತವಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿಯೂ ಒಬ್ಬರು ಕೇಳಿದರು, "2006ರ ನಂತರ ಸೇರಿದ ನಮಗೆ ಹಳೆಯ ಪಿಂಚಣಿಯೇ ಇಲ್ಲ, ಇವರಿಗೆ ಮಾತ್ರ ಯಾಕೆ?" ಎಂದು. ಅವರ ಸಂಕಟವೂ ನಿಜ. ಆದರೆ ಅರುವತ್ತರವರೆಗೆ ದುಡಿಯುವ ಅವಕಾಶ ನಮಗಿದೆ. ಸಿಪಾಯಿಯನ್ನು ಮೂವತ್ತೈದು ನಲುವತ್ತರ ನಡುವೆ ಮನೆಗೆ ಕಳಿಸುವುದು ಸೈನ್ಯ ಯಾವಾಗಲೂ ತರುಣವಾಗಿರಬೇಕೆಂದು. ದೇಶದ ಅಗತ್ಯಕ್ಕಾಗಿ ಮೊಟಕಾದ ಸಂಪಾದನೆ ಅದು. ಅವನ ಮಕ್ಕಳ ಫೀಸು ಶುರುವಾಗುವುದೇ ಆಗ.

ಇದು ಕೆಳದರ್ಜೆಯವರ ಗೋಳು ಮಾತ್ರ ಎಂದೂ ತಿಳಿಯಬೇಡಿ. 1971ರಲ್ಲಿ ಭೂಸೇನೆಯ ಮುಖ್ಯಸ್ಥರಾಗಿದ್ದ ಮಾಣಿಕ್‌ಷಾ 1973ರಲ್ಲಿ ಫೀಲ್ಡ್ ಮಾರ್ಷಲ್ ಆದರು. ಆ ಪದವಿಗೆ ಸಲ್ಲಬೇಕಿದ್ದ ಬಾಕಿ, ಒಂದು ಕೋಟಿಗೂ ಮಿಕ್ಕಿದ ಹಣ, ಅವರ ಕೈ ಸೇರಿದ್ದು 2007ರಲ್ಲಿ, ತೊಂಬತ್ತು ದಾಟಿ ಅನಾರೋಗ್ಯದಲ್ಲಿದ್ದಾಗ. ಮರುವರ್ಷ ಅವರು ತೀರಿಕೊಂಡರು. ಫೀಲ್ಡ್ ಮಾರ್ಷಲರ ಗತಿಯೇ ಹೀಗಾದರೆ ಹವಾಲ್ದಾರರ ಪಾಡೇನು? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ನಮ್ಮ ಕನ್ನಡವೇ ಈ ವಿಷಯದಲ್ಲಿ ಒಂದು ಪಾಠ ಹೇಳುತ್ತದೆ. ಬೇಲೂರು ತಾಲೂಕಿನ ಹಲ್ಮಿಡಿಯ ಶಾಸನ ಯಾವ ಕಾಲದ್ದೆಂದು ಒಂದು ಅಂಕದ ಪ್ರಶ್ನೆ ಕೇಳಿ, ಕ್ರಿ.ಶ. 450ರ ಸುಮಾರು ಎಂದು ಮಕ್ಕಳಿಂದ ಬರೆಸಿ ನಾವು ಮುಂದೆ ಹೋಗುತ್ತೇವೆ. ಅದರಲ್ಲಿ ಏನಿದೆ? ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನೆಂಬವನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿಗಳನ್ನು 'ಬಾಳ್ಗಚ್ಚು' ಆಗಿ ಕೊಟ್ಟ ದಾಖಲೆ ಅದು. ಬಾಳ್ ಎಂದರೆ ಖಡ್ಗ. ಅದನ್ನು ತೊಳೆದು ಕೊಡುವ ದತ್ತಿ ಬಾಳ್ಗಚ್ಚು. ಆ ದತ್ತಿಯನ್ನು ಕೆಡಿಸಿದವನಿಗೆ ಮಹಾಪಾತಕ ಎಂಬ ಶಾಪವೂ ಅದರಲ್ಲೇ ಇದೆ. ಸತ್ತವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ನಮಗೆ ಸಿಕ್ಕಿದ ಅತ್ಯಂತ ಹಳೆಯ ಕನ್ನಡ ಬರಹಗಳಲ್ಲೊಂದು ಸೈನಿಕನನ್ನು ಬರಿದೇ ಹೊಗಳಿ ಸುಮ್ಮನಾಗುವುದಿಲ್ಲ. ಅವನಿಗೆ ಸಲ್ಲಬೇಕಾದದ್ದೇನು ಎಂದು ಹೆಸರು ಹೇಳಿ ಕೊಟ್ಟು, ಹಿಂದೆ ತೆಗೆದುಕೊಳ್ಳದಂತೆ ಕಲ್ಲಿನಲ್ಲಿ ಕೆತ್ತುತ್ತದೆ. ಹಾಗೆಂದು ಆ ಕಾಲವೇ ಚಿನ್ನವೆನ್ನಲಾರೆ. ವೀರಗಲ್ಲಿನ ಪಕ್ಕದಲ್ಲಿ ಬಳೆ ತೊಟ್ಟ ಕೈಯೆತ್ತಿದ ಮಾಸ್ತಿಕಲ್ಲೂ ಇರುತ್ತದಲ್ಲ, ಹೆಂಗಸಾಗಿ ನಾನದನ್ನು ಮರೆಯುವುದು ಹೇಗೆ?

ಭಾವ 2024ರ ಮಳೆಗಾಲದಲ್ಲಿ ತೀರಿಕೊಂಡರು. ಅಕ್ಕನಿಗೆ ಈಗ ಕುಟುಂಬ ಪಿಂಚಣಿ. ಅವರಿಗೆ ಬರುತ್ತಿದ್ದುದರ ಐದರಲ್ಲಿ ಮೂರು ಪಾಲು. ಸೈನ್ಯದ ಕಾಗದದಲ್ಲಿ ಅವಳ ಹೆಸರು ಒಂದು ಬಗೆ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಬಗೆ ಇದ್ದುದರಿಂದ ಆರೇಳು ತಿಂಗಳು ಓಡಾಡಬೇಕಾಯಿತು. ಇಂತಹ ಓಡಾಟದಲ್ಲಿ ಜೊತೆಗೆ ಹೋಗಲು ಓದಿದ ತಂಗಿ ಇಲ್ಲದವರು ಏನು ಮಾಡುತ್ತಾರೋ. ಓದುಗ ಗೆಳತಿಯರಲ್ಲಿ ಸೈನಿಕರ ಮನೆಯವರಿದ್ದರೆ ಈ ಒಂದು ಕೆಲಸವನ್ನು ಅವರು ಬದುಕಿದ್ದಾಗಲೇ ಮಾಡಿಸಿಡಿ: ಎಲ್ಲ ಕಾಗದಗಳಲ್ಲಿಯೂ ನಿಮ್ಮ ಹೆಸರು, ಹುಟ್ಟಿದ ದಿನ ಒಂದೇ ರೀತಿ ಇರಲಿ, ಇಬ್ಬರ ಹೆಸರಿನಲ್ಲಿ ಜಂಟಿ ಖಾತೆ ಇರಲಿ.

ಮೊನ್ನೆ ನವೆಂಬರಿನಲ್ಲಿ ಜೀವಂತ ಇರುವ ಬಗ್ಗೆ ಪ್ರಮಾಣಪತ್ರ ಕೊಡಲು ಅಕ್ಕನನ್ನು ಕರೆದುಕೊಂಡು ಹೋಗಿದ್ದೆ. ಯಂತ್ರದ ಮೇಲೆ ಬೆರಳಿಟ್ಟರೆ ಗುರುತು ಹಿಡಿಯಲಿಲ್ಲ. ಪಾತ್ರೆ ತಿಕ್ಕಿ ಸವೆದ ಬೆರಳು. ಮೂರನೆಯ ಸಲಕ್ಕೆ ಹಿಡಿಯಿತು. ಹೊರಗೆ ಬರುವಾಗ ಅವಳು, "ಅವರು ಅದನ್ನೇ ಹೇಳ್ತಿದ್ದರಲ್ಲ, ನಾನು ಬದುಕಿದ್ದೇನೆ ಅಂತ" ಎಂದಳು.

ನಾನು ನಿವೃತ್ತಳಾಗಲು ಇನ್ನು ಮೂರು ವರ್ಷ ಇದೆ. ಸೈನಿಕನ ಬಗ್ಗೆ ಮಕ್ಕಳಿಗೆ ಭಾಷಣ ಬರೆದುಕೊಡುವುದನ್ನು ಬಿಟ್ಟಿದ್ದೇನೆ. ಕಳೆದ ಆಗಸ್ಟಿನಲ್ಲಿ ಅದರ ಬದಲು ಒಂದು ಮನೆಗೆಲಸ ಕೊಟ್ಟೆ. ನಿಮ್ಮ ಬೀದಿಯಲ್ಲಿ ಮಾಜಿ ಸೈನಿಕರು ಯಾರಿದ್ದಾರೆ, ಅವರ ಮನೆಗೆ ಹೋಗಿ, ಏನು ಮಾಡಿದಿರಿ, ಈಗ ಹೇಗಿದ್ದೀರಿ ಎಂದು ಕೇಳಿ ಬರೆದು ತನ್ನಿ ಎಂದೆ. ಮಕ್ಕಳು ತಂದ ಬರಹಗಳಲ್ಲಿ ಅಕ್ಷರ ತಪ್ಪು ಬೇಕಾದಷ್ಟಿತ್ತು. ಆದರೆ ಒಂದರಲ್ಲಿಯೂ ಸೈನಿಕ ಸತ್ತಿರಲಿಲ್ಲ.